ಎರಡು ಹದಿನೇಳು

"ಅಮ್ಮಾ, ಮೂವತ್ತು ವರ್ಷದಿಂದ ಚಿತ್ರಗಳಿಗೆ ಫ್ರೇಮ್ ಹಾಕ್ತಿದೀನಿ. ಈಗ ನನ್ನನ್ನೇ ಕಳ್ಳ ಅಂತಿದಾರೆ!" ಎನ್ನುತ್ತಾ ಫ್ರೇಮ್ ಅಂಗಡಿಯವರು ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟರು.

ಅತ್ತಿಗೆ ಕನ್ನಡಕ ಏರಿಸಿಕೊಂಡರು. ಊರಿನ ಗೋಜಲುಗಳೆಲ್ಲ ನಮ್ಮ ಮನೆಗೇ ಬರುತ್ತವೆ. ಬಿಡಿಸುವುದು ಅವರು, ಚೀಲ ಹೊರುವುದು ಮೈದುನನಾದ ನಾನು.

ಎರಡೂ ಒಂದೇ ಜಲವರ್ಣದ ಮುದ್ರಿತ ಪ್ರತಿಗಳು, ಮಂಜಿನಲ್ಲಿ ಒಂದು ಸೇತುವೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೆಸರಾದ ಕಲಾವಿದೆ ಐವತ್ತೇ ಪ್ರತಿಗಳಿಗೆ ಪೆನ್ಸಿಲಿನಲ್ಲಿ ಒಂದರಿಂದ ಐವತ್ತರವರೆಗೆ ಸಂಖ್ಯೆ ಹಾಕಿ ರುಜು ಮಾಡಿದ್ದರು. ಆದರೆ ಇವೆರಡರ ಮೇಲೂ ಹದಿನೇಳು! ಒಂದರ ರುಜು ಮುತ್ತು ಪೋಣಿಸಿದಂತಿತ್ತು. ಅದನ್ನು ಮಾರಿದ್ದು ಕಲಾವಿದೆಯ ತಮ್ಮ. ಇನ್ನೊಂದರದು ನಡುಗಿ ಅಂಕುಡೊಂಕಾಗಿತ್ತು. ಅದು ಇವರ ಅಂಗಡಿಯಿಂದ ಹೋದದ್ದು.

"ಕಲಾವಿದೆ ಮೇಡಂ ನಮ್ಮಂಗಡಿ ಪ್ರತಿ ನೋಡಿ, 'ಇದು ನನ್ನ ರುಜು ಅಲ್ಲ' ಅಂದ್ಬಿಟ್ರು. ಅವತ್ತಿಂದ ಅಂಗಡಿ ಕಡೆ ಯಾರೂ ತಲೆ ಹಾಕ್ತಿಲ್ಲ."

"ನಿಮಗೆ ಪ್ರತಿ ತಂದುಕೊಟ್ಟಿದ್ದು?"

"ಅವರ ತಮ್ಮನೇ. ಕಟ್ಟು ಕಟ್ಟಿ ತರ್ತಾರೆ."

ಅತ್ತಿಗೆ ಎರಡನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅಂದವಾದ ರುಜುವಿನ ಅಕ್ಷರಗಳಡಿ ಕಾಗದ ತಗ್ಗಿ, ಪೆನ್ಸಿಲ್ ಗೆರೆಯಿಂದ ಅಲ್ಲಲ್ಲಿ ಸರಿದ ಸಣ್ಣ ಗೀರೊಂದು ಕಾಣಿಸಿತು. "ಒತ್ತಿ ಬರೆದಿದಾರೆ" ಎಂದೆ ನಾನು. ಅವರು ನನ್ನನ್ನು ದುರುಗುಟ್ಟಿ ನೋಡಿದರು.

ಸಂಜೆ ಕಲಾವಿದೆಯ ಮನೆಗೆ ಹೋದೆವು. ಗೋಡೆಯ ಹಳೆಯ ಚಿತ್ರಗಳಲ್ಲಿ ಹಕ್ಕಿಯ ಕಾಲು ಕೂದಲೆಳೆಯಷ್ಟು ಸಣ್ಣ. ಹೊಸ ಚಿತ್ರಗಳಲ್ಲಿ ಗೆರೆಯೇ ಇಲ್ಲ, ಬರೀ ಮಂಜು. ಕುಂಚಗಳ ಹಿಡಿಗೆ ಹೆಬ್ಬೆರಳಿನಷ್ಟು ದಪ್ಪಕ್ಕೆ ಬಟ್ಟೆ ಸುತ್ತಿತ್ತು. ನಮಗೆಲ್ಲ ತುಂಬಿದ ಲೋಟದಲ್ಲಿ ಟೀ ಬಂತು, ಕಲಾವಿದೆಗೆ ಮಾತ್ರ ಅರ್ಧ ಲೋಟ.

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ಅತ್ತಿಗೆ ಎಲ್ಲರನ್ನೂ ಕೂರಿಸಿದರು.

"ಖೋಟಾ ಮಾಡೋರು ಅಂದವಾದ ರುಜುನ ನಕಲು ಮಾಡ್ತಾರೆ. ನಡುಗಿಸಿ ಬರೆದು ಸಿಕ್ಕಿಬೀಳೋಕೆ ಯಾರಿಗೆ ಹುಚ್ಚು? ಅಂದವಾಗಿರೋದರ ಕೆಳಗೆ ಗೀರಿದೆ. ಹಳೇ ರುಜು ಇರೋ ಹಾಳೆನ ಮೇಲಿಟ್ಟು, ಅದರ ಗೆರೆ ಮೇಲೇ ಒತ್ತಿ, ಆಮೇಲೆ ಆ ಗೀರಿನ ಮೇಲೆ ಪೆನ್ಸಿಲ್ ಆಡಿಸಿದಾರೆ. ಅಂದ್ರೆ ನಡುಗಿರೋದೇ ಅಸಲಿ. ಕುಂಚದ ದಪ್ಪ ಹಿಡಿ, ತುಳುಕದ ಹಾಗೆ ಅರ್ಧ ಲೋಟ ಟೀ, ಗೆರೆ ಇಲ್ಲದ ಚಿತ್ರ... ಕೈ ನಡುಗೋಕೆ ಶುರುವಾಗಿ ಎಷ್ಟು ದಿನ ಆಯ್ತು, ಮೇಡಂ?"

ಕಲಾವಿದೆ ಕೈಗಳನ್ನು ಸೆರಗಿನಡಿ ಸರಿಸಿಕೊಂಡರು. ತಮ್ಮ ಎದ್ದು ನಿಂತ. "ಮಾಡಿದ್ದು ನಾನು. ಪ್ರತಿಗಳನ್ನ ಹೆಚ್ಚಿಗೆ ಅಚ್ಚು ಹಾಕಿಸಿ ನಾನೇ ರುಜು ಮಾಡಿದೆ. ಅಕ್ಕ ರುಜು ಮಾಡಿದ್ದನ್ನೆಲ್ಲ ಹರಿದುಹಾಕಿದೆ. ಒಂದು ಹೇಗೋ ಕಟ್ಟಿನಲ್ಲಿ ಸೇರಿಹೋಯ್ತು. ನಡುಗೋ ಕೈಗೆ ಯಾರು ಕೆಲಸ ಕೊಡ್ತಾರೆ, ಹೇಳಿ?"

"ನನ್ನ ರುಜು ಅಂತ ನೋಡಿದ ಕೂಡಲೇ ಗೊತ್ತಾಯ್ತು" ಎಂದರು ಕಲಾವಿದೆ. "ಹೇಳೋಕೆ ಬಾಯಿ ಬರಲಿಲ್ಲ."

"ನಿಮ್ಮದಲ್ಲ ಅನ್ನೋಕೆ ಬಂತಲ್ಲ, ಮೇಡಂ" ಎಂದರು ಫ್ರೇಮ್ ಅಂಗಡಿಯವರು.

ನನಗೂ ಅಷ್ಟೇ ಸಿಟ್ಟು ಬಂದಿತ್ತು. ಆದರೆ ಕಲಾವಿದೆಯ ಮುಖ ನೋಡಿ ಅದು ಇಳಿಯಿತು.

ಕಲಾವಿದೆ ಒಂದು ಹಾಳೆ ಎಳೆದುಕೊಂಡರು. ಅಲುಗದಂತೆ ಕೈ ಹಿಡಿಯಲು ತಮ್ಮ ಬಂದ. "ಬಿಡೋ" ಎಂದು ಗದರಿ, ತಾವೇ ಬರೆದರು: 'ನಡುಗಿದ ರುಜು ನನ್ನದೇ. ಫ್ರೇಮ್ ಹಾಕಿದವರು ನಿರಪರಾಧಿ.' ಕೆಳಗೆ ಹೆಸರು ಬರೆಯುವಷ್ಟರಲ್ಲಿ ಹಣೆ ಬೆವತಿತ್ತು.

ಫ್ರೇಮ್ ಅಂಗಡಿಯವರು ಅದನ್ನು ಎರಡು ಸಲ ಓದಿದರು. ನಗಲಿಲ್ಲ. ಜೇಬಿನಿಂದ ಟೇಪು ತೆಗೆದು ಹಾಳೆ ಅಳೆದರು.

"ಫ್ರೇಮ್ ಹಾಕಿ ಅಂಗಡಿ ಬಾಗಿಲಲ್ಲೇ ತೂಗುಹಾಕ್ತೀನಿ. ಸುತ್ತ ಅಂಚು ಎಷ್ಟು ಮುಚ್ಚಲಿ?"

"ಏನೂ ಮುಚ್ಚಬೇಡಿ" ಎಂದರು ಕಲಾವಿದೆ. "ನಡುಗಿದ್ದೆಲ್ಲ ಕಾಣಲಿ."