ಖಾಲಿ ಫಿಲ್ಟರ್

ಹಿನಕಲ್ಲಿನ ಒಂದು ಬ್ಯಾಟರಿ ಕಾರ್ಖಾನೆಯ ಚಾರ್ಜಿಂಗ್ ಕೋಣೆಗೆ ಚಾರ್ಜಿಂಗ್ ವೇಳೆ ಗಾಳಿಗೆ ಸೇರುವ ಗಂಧಕಾಮ್ಲ ಅಳೆಯಲು ಹೋಗಿದ್ದೆ. ಆಸಿಡ್ ಮಿತಿ ಮೀರಿದ್ದರೆ ಮಾತ್ರ ಯಜಮಾನರು ಎಕ್ಸಾಸ್ಟ್ ಫ್ಯಾನ್ ಹಾಕಿಸಬೇಕಿತ್ತು. ಬುದ್ಧಿವಂತರು, ಅಂದು ಚಾರ್ಜಿಂಗನ್ನೇ ನಿಲ್ಲಿಸಿ ಊದುಬತ್ತಿ ಹಚ್ಚಿಸಿದ್ದರು.

"ನಮ್ ಗಾಳಿ ಪ್ರಸಾದ ಇದ್ದಂಗೆ ಕಣ್ರೀ, ಚೆನ್ನಾಗಿ ಎಳ್ಕೊಳ್ಳಿ!" ಎಂದರು ಯಜಮಾನರು.

ಕೆಲಸಗಾರ ಅಮರೇಶನ ಸೊಂಟಕ್ಕೆ ಗಾಳಿ ಎಳೆಯುವ ಪಂಪು ಕಟ್ಟಿ, ಅದರ ಫಿಲ್ಟರನ್ನು ಕಾಲರಿಗೆ ಸಿಕ್ಕಿಸಿದೆ. ಅವನ ಮುಂದಿನ ಹಲ್ಲುಗಳನ್ನು ಆ ಗಾಳಿ ಆಗಲೇ ಸವೆಸಿತ್ತು.

"ಇವತ್ತು ಸೊನ್ನೆನೇ ಬತ್ತದೆ ಬುಡಿ ಸಾರ್. ಜವರಯ್ಯಣ್ಣ ಫ್ಯಾನ್ ಕೇಳ್ತಾ ಕೇಳ್ತಾನೇ ಕೆಮ್ಮಿ ಹೋಗ್ಬುಟ್ರು. ಇನ್ನು ನನ್ ಸರದಿ."

ಇನ್ನೊಂದು ಫಿಲ್ಟರನ್ನು ಪಂಪಿಗೆ ಜೋಡಿಸದೆ ಪಕ್ಕದಲ್ಲಿಡುವುದು ನಮ್ಮ ಪದ್ಧತಿ. ಗಾಳಿ ಎಳೆಯದ ಆ ಫಿಲ್ಟರ್ ಖಾಲಿಯಾಗಿಯೇ ವಾಪಸ್ಸಾಗಬೇಕು. ಅದರಲ್ಲಿ ಆಸಿಡ್ ಸಿಕ್ಕರೆ ಇಡೀ ಅಳತೆ ರದ್ದು. ಅದನ್ನು ಗೂಟದಲ್ಲಿ ನೇತಾಡುತ್ತಿದ್ದ ಹಳೆಯ ಏಪ್ರನ್ನಿನ ಕೊರಳಿಗೆ ಸಿಕ್ಕಿಸಿದೆ.

"ಅದು ಜವರಯ್ಯಣ್ಣಂದು" ಎಂದ ಅಮರೇಶ.

ಮಟಮಟ ಮಧ್ಯಾಹ್ನ. ಆ ಗೂಟದ ಹತ್ತಿರ ಮಾತ್ರ ತಣ್ಣಗಿತ್ತು. ನನ್ನ ನಾಲಗೆಗೆ ಹುಳಿ ಹತ್ತಿತು. ಊದುಬತ್ತಿಯ ಹೊಗೆ ಮೇಲೇರದೆ ಏಪ್ರನ್ ಕಡೆಗೆ ವಾಲುತ್ತಿತ್ತು, ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಬರುತ್ತಿತ್ತು, ಮತ್ತೆ ವಾಲುತ್ತಿತ್ತು. ಫಿಲ್ಟರಿನ ಪ್ಲಾಸ್ಟಿಕ್ಕೂ ಅದೇ ಲಯದಲ್ಲಿ ಮಂಜಾಗಿ ತಿಳಿಯಾಗುತ್ತಿತ್ತು. ಅಮರೇಶ ಕೈಮುಗಿದ.

ವಾರದ ಮೇಲೆ ಲ್ಯಾಬಿನಿಂದ ಸಿಂಚನ ಫೋನ್ ಮಾಡಿದಳು. ಅಮರೇಶನ ಫಿಲ್ಟರಿನಲ್ಲಿ ಏನೂ ಇಲ್ಲ, ಖಾಲಿ ಫಿಲ್ಟರಿನಲ್ಲಿ ಆಸಿಡ್ಡೋ ಆಸಿಡ್ಡು. ಅಳತೆ ರದ್ದು. ಇನ್ನು ಚಾರ್ಜಿಂಗ್ ನಡೆಯುವಾಗ, ಮುಂಚೆ ಹೇಳದೆ ಹೋಗಿ ಅಳೆಯಬೇಕು.

"ಸಾರ್, ಒಂದ್ ಕೇಳ್ಲಾ?" ಎಂದಳು. "ಆ ಖಾಲಿ ಫಿಲ್ಟರ್ ಹಾಕ್ಕೊಂಡಿದ್ದೋರಿಗೆ ಕೆಮ್ಮು ಜಾಸ್ತಿ ಇತ್ತಾ? ಒಳಗೆಲ್ಲಾ ಎಂಜಲು ಸಿಡಿದಿದೆ."