ರೈಲು ಕೂಗುವವರೆಗೆ

ಗೋಡೆಯ ಮೇಲಿದ್ದ ಆ ಫೋಟೋ ಕಂಡದ್ದೇ ತಡ, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ವೆರ್ನಾಳಿಗೆ.

ಅದರ ಎದುರಿಗೇ ಊರುಗೋಲು ಹಿಡಿದು ನಿಂತಿದ್ದ ಡಾಯ್ಲ್! ತಲೆ ಪೂರ್ತಿ ಬೆಳ್ಳಗಾಗಿತ್ತು. ಆದರೆ ಆ ಅಗಲ ಕಿವಿ, ಆ ಓರೆ ನಗು... ಅವನೇ.

ಟೆನೆಸ್ಸಿಯ ಆ ಬೆಟ್ಟದೂರಿನಲ್ಲಿ ಹಿಂದೆ ‘ಡಸ್ಟಿ ಫೋರ್ಕ್’ ಎಂಬ, ಕೌಬಾಯ್ ಕಾಲದ ಆಟ ಆಡಿ ತೋರಿಸುವ ಪಾರ್ಕ್ ಇತ್ತು. ಅದು ಮುಚ್ಚಿ ಎಷ್ಟೋ ಕಾಲವಾದ ಮೇಲೆ ಲೈಬ್ರರಿಯವರು ಹಳೆಯ ಫೋಟೋಗಳನ್ನು ಹುಡುಕಿ ಗೋಡೆಗೆ ಹಾಕಿದ್ದರು. ಮರದ ಸಾರಾಯಿ ಅಂಗಡಿ, ಪುಟ್ಟ ಉಗಿ ರೈಲು, ಸುಳ್ಳು ಜೈಲಿನೊಳಗೆ ಹಲ್ಲು ಕಿರಿಯುವ ಟೂರಿಸ್ಟರು. ಬಂದವರೆಲ್ಲ ತಮ್ಮ ಮುಖ ಹುಡುಕಿ ಖುಷಿಪಡುತ್ತಿದ್ದರು. ವೆರ್ನಾ ಮಾತ್ರ ತನ್ನ ಮುಖ ಕಂಡು ಕುಗ್ಗಿಹೋದಳು.

ಫೋಟೋದಲ್ಲಿ ಅವಳು ಧೂಳಿನಲ್ಲಿ ಬಿದ್ದ ಡಾಯ್ಲ್‌ನ ಎದೆಯ ಮೇಲೆ ಬೂಟುಗಾಲಿಟ್ಟು ಗಹಗಹಿಸಿ ನಗುತ್ತಿದ್ದಳು. ಅವನ ಕಾಲು ಆಗಷ್ಟೇ ಮುರಿದಿತ್ತು.

ಅವಳಿಗದು ಗೊತ್ತೇ ಇರಲಿಲ್ಲ ಕಣ್ರೀ! ಆಟದಲ್ಲಿ ದರೋಡೆಕೋರನಾದ ಡಾಯ್ಲ್ ದಿನಾ ಸುಳ್ಳು ಗುಂಡೇಟು ತಿಂದು ಮಾಳಿಗೆಯಿಂದ ಹುಲ್ಲಿನ ರಾಶಿಗೆ ಬೀಳಬೇಕು, ಕುಣಿಯುವ ಹುಡುಗಿ ವೆರ್ನಾ ಅವನನ್ನು ಮೆಟ್ಟಿ ನಿಲ್ಲಬೇಕು, ಜನ ಫೋಟೋ ತೆಗೆಯಬೇಕು. ರೈಲು ಕೂಗುವವರೆಗೆ ಸತ್ತವನು ಅಲುಗಾಡುವಂತಿಲ್ಲ, ಅದು ಪಾರ್ಕಿನ ಕಟ್ಟುಪಾಡು. ಆ ತುಂಟ ಸುಮ್ಮನೆ ಸಾಯುತ್ತಿದ್ದನೇ? ತುಟಿ ಅಲ್ಲಾಡಿಸದೆ ಏನಾದರೊಂದು ಪಿಸುಗುಟ್ಟಿ ಅವಳನ್ನು ನಗಿಸುತ್ತಿದ್ದ.

ಆ ದಿನ ರಾಶಿ ತಪ್ಪಿ ನೆಲಕ್ಕೆ ಬಿದ್ದ. “ವೆರ್ನಾ, ಕಾಲು ಹೋಯ್ತು ಕಣೇ” ಎಂದ. ಇದೂ ತಮಾಷೆಯೆಂದು ಇವಳು ಇನ್ನಷ್ಟು ನಕ್ಕಳು. ರೈಲು ಕೂಗುವವರೆಗೂ ಅವನ ಎದೆಯಿಂದ ಕಾಲು ತೆಗೆಯಲಿಲ್ಲ.

ಮರುದಿನ ಕ್ಷಮೆ ಕೇಳಲು ಆಸ್ಪತ್ರೆಗೆ ಹೋದಳು. ಕೋಣೆಯೊಳಗೆ ಪಾರ್ಕಿನ ಹುಡುಗರು ಇದೇ ಫೋಟೋ ಕೈಯಿಂದ ಕೈಗೆ ದಾಟಿಸುತ್ತ ನಗುತ್ತಿದ್ದರು. ‘ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ...’ ಒಳಗೆ ಹೋಗುವ ಧೈರ್ಯ ಬರಲಿಲ್ಲ. ಅಂದೇ ಊರು ಬಿಟ್ಟು, ಬಸ್ಸು ಹತ್ತಿ ನಾಕ್ಸ್‌ವಿಲ್ ಸೇರಿದಳು. ಅಲ್ಲೇ ಮದುವೆ, ಸಂಸಾರ, ಗಂಡನ ಸಾವು ಎಲ್ಲ ಆಯಿತು. ನಾಚಿಕೆ ಮಾತ್ರ ಹೋಗಲಿಲ್ಲ.

ಹಳೆಯ ಫೋಟೋ ನೋಡಲೆಂದು ಇಷ್ಟು ವರ್ಷದ ಮೇಲೆ ಊರಿಗೆ ಬಂದವಳು ಈಗಲೂ ಕಾಲಿಗೆ ಬುದ್ಧಿ ಹೇಳಲು ಹೊರಟಳು, ನೋಡಿ.

“ಈ ಸಲಾನೂ ಹೇಳದೆ ಹೋಗ್ತೀಯಾ?”

ವೆರ್ನಾ ನಿಂತಳು. ತಲೆ ಎತ್ತಲಿಲ್ಲ. “ಅದನ್ನ ತೆಗೆಸ್ಬಿಡು ಡಾಯ್ಲ್, ದಮ್ಮಯ್ಯ.”

“ಹೆಂಗೆ ತೆಗೆಸ್ಲಿ? ನಾನೇ ಕೊಟ್ಟಿದ್ದು. ಇಷ್ಟು ವರ್ಷ ನನ್ನ ಮಂಚದ ಪಕ್ಕ ಇತ್ತು.”

‘ಅಷ್ಟು ಸಿಟ್ಟೇ ಇವನಿಗೆ?’ ಅಳುತ್ತಲೇ ಆಸ್ಪತ್ರೆಯ ಬಾಗಿಲವರೆಗೆ ಬಂದದ್ದು, ನಗು ಕೇಳಿ ಓಡಿದ್ದು ಎಲ್ಲ ಹೇಳಿಬಿಟ್ಟಳು. ಡಾಯ್ಲ್ ಮೆಲ್ಲಗೆ ಬೆಂಚಿನ ಮೇಲೆ ಕುಸಿದ.

“ಅವತ್ತು ಆ ಹುಡುಗರಿಗೆ ಈ ಫೋಟೋ ತೋರಿಸಿ, ನಾನು ಮದುವೆ ಆಗೋ ಹುಡುಗಿ ಇವಳೇ ಅಂದೆ. ಎದೆ ಮೇಲೆ ಕಾಲಿಟ್ಟವಳನ್ನೇ ಕಟ್ಕೋತೀಯಾ ಅಂತ ಅವರು ನಕ್ಕಿದ್ದು ಕಣೇ. ಆಮೇಲೆ ನೀನು ಬರ್ಲೇ ಇಲ್ಲ. ಈ ಕುಂಟ ಬೇಡ ಅಂತ ಹೋದಳು ಅಂದ್ಕೊಂಡೆ. ಇನ್ನೊಬ್ಬಳನ್ನ ಮದುವೆಗೆ ಕೇಳೋ ಮನಸ್ಸೇ ಬರ್ಲಿಲ್ಲ.”

ವೆರ್ನಾ ಅವನ ಪಕ್ಕದಲ್ಲಿ ಕುಳಿತಳು. “ಅಷ್ಟು ನೋವಾಗ್ತಿದ್ರೂ ಯಾಕೆ ಕೂಗಲಿಲ್ಲ?”

“ಮುಂದಿನ ಸಾಲಲ್ಲಿ ಮಕ್ಕಳಿದ್ರು. ಸತ್ತವನು ಕೂಗಬಾರದಲ್ವಾ? ಜೊತೆಗೆ... ನೀನು ನಗ್ತಿದ್ದೆ. ನೋಡ್ತಾ ಇದ್ಬಿಟ್ಟೆ.” ಊರುಗೋಲು ತಿರುಗಿಸುತ್ತ ಕುಳಿತ. “ತಪ್ಪೂ ನಂದೇ. ಅವತ್ತು ಬೇರೆ ಮಾತು ಪಿಸುಗುಟ್ಟಬೇಕು ಅಂದ್ಕೊಂಡಿದ್ದೆ. ಅದನ್ನೇ ಯೋಚಿಸ್ತಾ ಹುಲ್ಲಿನ ರಾಶಿ ತಪ್ಪಿ ಬಿದ್ದೆ.”

“ಯಾವ ಮಾತು?”

ಡಾಯ್ಲ್ ಅವಳ ಕಿವಿಗೆ ಬಾಗಿ, ತುಟಿ ಅಲ್ಲಾಡಿಸದೆ ಹೇಳಿದ. ಆಮೇಲೆ ಹೆದರಿಕೆಯಿಂದ ಅವಳ ಮುಖ ನೋಡಿದ.

“ನಗಲ್ವಾ?”

“ಇಲ್ಲ ಕಣೋ.” ಅವನ ಎದೆಯ ಮೇಲೆ ಆ ದಿನ ಬೂಟಿಟ್ಟಿದ್ದ ಜಾಗದಲ್ಲೇ ಅವಳು ಕೈಯಿಟ್ಟಳು. “ಈ ಸಲ ನಂಬಿದೀನಿ.”