ನಲವತ್ತು ಮನೆಯ ಅಂಗಿ

"ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಇಟ್ಯೋ, ತಲೆ ಒಡೀತೀನಿ!"

ಅವನು ಇನ್ನೊಂದು ಹೆಜ್ಜೆ ಇಟ್ಟ.

ಬುರುಲ್ ಆಡಿದ ಮಾತಿಗೆ ತಪ್ಪುವವಳಲ್ಲ. ಅಂಗಳದಲ್ಲಿ ಉಣ್ಣೆ ಬಡಿಯುತ್ತಿದ್ದ ಉದ್ದನೆಯ ಕೋಲು ಸುಂಯ್ ಎಂದು ಬೀಸಿ ಬಂದು ಅವನ ಹಣೆಗೆ ಅಪ್ಪಳಿಸಿತು. ಟೋಪಿ ಹಾರಿಹೋಯಿತು. ಹುಬ್ಬಿನ ಮೇಲಿಂದ ರಕ್ತ ಒಸರಿ ಕಣ್ಣಿಗೆ ಇಳಿಯಿತು.

ಅವನು ಕೈ ಎತ್ತಲಿಲ್ಲ. ತೋಳಿನಿಂದ ಕಣ್ಣೊರೆಸಿಕೊಂಡು ನಿಂತ.

"ಹೊಡೆದಾಯ್ತಾ? ಆಗಿದ್ರೆ ಕುದುರೆ ಮೇಲಿರೋದನ್ನ ಇಳಿಸ್ತೀನಿ. ಭಾರ ಇದೆ."

ಎಂಥ ಸೊಕ್ಕು ಇವನಿಗೆ!

ಅವನು ಅಕ್ಮತ್. ಸೇತುವೆಯಾಚೆಯ ಊರಿನ ತೊಟ್ಟಿಲು ಮಾಡುವವನು. ಆದರೆ ಬುರುಲ್ ಪಾಲಿಗೆ ಅವನು ಜಾಪರನ ತಮ್ಮ, ಅಷ್ಟೇ. ಹತ್ತು ದಿನದ ಹಿಂದೆ ಅವಳ ಅಕ್ಕ ಉರ್ಕುಯಾ, ತುಂಬಿದ ಬಸುರಿ, ಮುರಿದ ಪಕ್ಕೆಲುಬನ್ನು ಅದುಮಿ ಹಿಡಿದುಕೊಂಡು, ಒಂದು ಕಣ್ಣು ಮುಚ್ಚಿಹೋಗುವಷ್ಟು ಊದಿದ ಮುಖದಲ್ಲಿ ಇದೇ ಅಂಗಳಕ್ಕೆ ಬಂದು ಬಿದ್ದಿದ್ದಳು. ಹಾಗೆ ಬಡಿದವನು ಅವಳ ಗಂಡ ಜಾಪರ್. ಕುದುರೆ ಮಾರಲು ಪೇಟೆಗೆ ಹೋಗಿದ್ದರಿಂದ ಅವನು ಇನ್ನೂ ಹುಡುಕಿಕೊಂಡು ಬಂದಿರಲಿಲ್ಲ. ಬುರುಲ್, ಎಲ್ಲರೂ ಅಪಾ ಎಂದು ಕರೆಯುವ ವಿಧವೆ ತಾಯಿ, ಬಸುರಿ ಅಕ್ಕ... ಮನೆಯಲ್ಲಿ ಮೂರೇ ಹೆಂಗಸರು.

ಅಕ್ಮತ್ ಕುದುರೆಯ ಮೇಲಿನ ಗಂಟು ಬಿಚ್ಚಿದ. ಉಣ್ಣೆ ಹಾಸಿನೊಳಗಿಂದ ಹೊಸ ತೊಟ್ಟಿಲು ಹೊರಬಂತು. ಕೆಂಪು ಅರ್ಚಾ ಮರ. ಘಮ್ಮೆನ್ನುವ ವಾಸನೆ. ಮೇಲಿನ ಹಿಡಿಯ ಉದ್ದಕ್ಕೂ ಟಗರಿನ ಕೊಂಬಿನ ಕೆತ್ತನೆ.

"ಮಗುಗೆ," ಎಂದ.

"ನಿಮ್ಮನೆ ಮರ ನಮಗೆ ಬೇಡ!"

"ಮರ ಏನು ಮಾಡಿದೆ?"

ಆ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಸೌದೆ ಒಡೆಯುವ ಕೊಡಲಿ ಅಲ್ಲೇ ಇತ್ತು. ಎತ್ತಿದಳು. ಅವನ ಕಣ್ಣೆದುರೇ ತೊಟ್ಟಿಲಿನ ಹಿಡಿಗೆ ಒಂದು ಏಟು... ಇನ್ನೊಂದು ಏಟು... ಟಗರಿನ ಕೊಂಬು ಎರಡು ಹೋಳಾಗಿ ಹಾರಿತು.

ಕೋಲಿನ ಏಟಿಗೆ ಅಲುಗದ ಅವನ ಮುಖ ಈಗ ಬಿಳಿಚಿಕೊಂಡಿತು. ಟೋಪಿ ಎತ್ತಿ ಮಣ್ಣು ಕೊಡವಿದ. ಕುದುರೆ ಏರಿದ ಮೇಲೆ ಒಂದೇ ಮಾತು ಹೇಳಿದ.

"ಬಾಗಿಲಿಗೆ ಇನ್ನೊಂದು ಅಗಳಿ ಹಾಕಿಸ್ಕೊಳ್ಳಿ. ನಾಳೆ ಅಣ್ಣ ವಾಪಸ್ ಬರ್ತಾನೆ."

'ಬೆದರಿಸ್ತಾನಾ ನನ್ನ? ನೋಡೇಬಿಡ್ತೀನಿ!' ಬುರುಲ್ ಕೊಡಲಿಯನ್ನು ಸೌದೆ ದಿಮ್ಮಿಗೆ ಕಚ್ಚಿಸಿ ಒಳಗೆ ಹೋದಳು. ಉರ್ಕುಯಾ ಔಷಧಿ ಕುಡಿದು ಮಲಗಿದ್ದಳು. ಅವಳಿಗೆ ಏನೂ ಕೇಳಿಸಿರಲಿಲ್ಲ.

ಮರುದಿನ ಬೆಳಗ್ಗೆ ಬುರುಲ್ ಕಿಟಕಿ ಬಳಿ ಕುಳಿತು ಮಗುವಿನ ಮೊದಲ ಅಂಗಿ ಹೊಲಿಯುತ್ತಿದ್ದಳು. ತೊಂಬತ್ತು ದಾಟಿದ ಪಕ್ಕದ ಮನೆ ಕಾಲ್ಚಾ ಅಜ್ಜಿಯ ಹಳೇ ಉಡುಪಿನ ಬಟ್ಟೆ. ಮಗುವಿಗೆ ಅಜ್ಜಿಯ ಆಯಸ್ಸು ಬರಲಿ ಎಂದು. ಹುಟ್ಟಿದೊಡನೆ ಅದನ್ನು ಮೊದಲು ನಾಯಿಗೆ ಹಾಕಿ, ಕೆಟ್ಟದ್ದೆಲ್ಲ ನಾಯಿಗೆ ಹೋಗಲಿ ಎಂದು, ಆಮೇಲೆ ಮಗುವಿಗೆ ತೊಡಿಸಬೇಕು.

"ಹೊಲಿಗೆ ಒಳಗಡೆ ಬರಬಾರದು ಕಣೇ, ಮಗು ಮೈಗೆ ಚುಚ್ಚುತ್ತೆ," ಎಂದಳು ಅಪಾ.

"ಗೊತ್ತಮ್ಮಾ! ಇಪ್ಪತ್ತಾರು ವರ್ಷದಿಂದ ಹೇಳ್ತಾನೇ ಇದ್ದೀಯ."

ಉರ್ಕುಯಾ ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು.

ಅಷ್ಟರಲ್ಲಿ ಬಾಗಿಲು ಸಿಡಿಯಿತು.

ಅಗಳಿ ಮುರಿದು ಗೋಡೆಗೆ ಬಡಿಯಿತು. ಜಾಪರ್! ಕುಡಿದು ಕಣ್ಣು ಕೆಂಡವಾಗಿತ್ತು. ಕೈಯಲ್ಲಿ ಚಾವಟಿ.

"ಎಲ್ಲಿ ಅವಳು? ನನ್ನ ಮಗನ್ನ ಹೊಟ್ಟೇಲಿಟ್ಕೊಂಡು ಓಡಿಬರ್ತಾಳಾ?"

ಉರ್ಕುಯಾಳ ಜಡೆ ಹಿಡಿದು ಎಳೆದ. ಅವಳು ನೆಲಕ್ಕೆ ಬಿದ್ದು, ಹೊಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಚೀರಿದಳು. ಅಪಾ ಅವನ ಕೈಗೆ ಹಲ್ಲು ಊರಿದಳು. ಒಂದೇ ಒದೆತಕ್ಕೆ ಆ ಮುದುಕಿ ಒಲೆಯ ಬಳಿ ಹೋಗಿ ಬಿದ್ದಳು.

ಬುರುಲ್ ಕೋಲು ಎತ್ತಿಕೊಂಡು ಬಡಿದಳು. ಬೆನ್ನಿಗೆ, ಹೆಗಲಿಗೆ, ಸಿಕ್ಕಲ್ಲಿ! ಅವನು ತಿರುಗಿ ಚಾವಟಿ ಬೀಸಿದ. ಕೆನ್ನೆಯಿಂದ ಕತ್ತಿನವರೆಗೆ ಬೆಂಕಿಯ ಗೆರೆ ಎಳೆದಂತಾಯಿತು. ಎರಡನೇ ಏಟಿಗೆ ಕೋಲು ಕೈಜಾರಿತು. ಜಾಪರ್ ಹೆಂಡತಿಯನ್ನು ಅಂಗಳಕ್ಕೆ ದರದರ ಎಳೆದ. ಬುರುಲ್ ಹಿಂದೆಯೇ ಓಡಿ ಅವನ ಕಾಲಿಗೆ ಜೋತುಬಿದ್ದಳು.

"ನೀನು ಸತ್ತರೇ ಬಿಡೋದು ಅಲ್ವಾ?" ಜಾಪರ್ ಅಬ್ಬರಿಸಿದ.

ದಿಮ್ಮಿಗೆ ಕಚ್ಚಿಸಿದ್ದ ಕೊಡಲಿ ಅವನ ಕೈಗೆ ಬಂತು.

ಆಗಲೇ ಗೊರಸಿನ ಸದ್ದು. ಬೇಲಿ ಹಾರಿ ಒಂದು ಕುದುರೆ ಬಂತು. ಅಕ್ಮತ್! 'ಇವನೂ ಬಂದನಾ... ಮುಗೀತು,' ಎಂದುಕೊಂಡಳು ಬುರುಲ್. ಕೈಗೆ ಸಿಕ್ಕ ಕಲ್ಲನ್ನು ಅವನ ಮೇಲೇ ಎಸೆದಳು. ಕಲ್ಲು ಅವನ ಎದೆಗೆ ಬಿತ್ತು. ಅವನು ತಿರುಗಿಯೂ ನೋಡಲಿಲ್ಲ. ಜೀನಿನಿಂದ ನೆಗೆದು ಅವಳಿಗೂ ಕೊಡಲಿಗೂ ನಡುವೆ ಬಂದು ಬಿದ್ದ.

ಎಡಗೈ ಎತ್ತಿ ಕೊಡಲಿ ತಡೆದ.

ಸದ್ದು ಸಣ್ಣದು... ಕಡ್ಡಿ ಮುರಿದಂತೆ. ಬುರುಲ್‌ಳ ಮುಖಕ್ಕೆ ಬಿಸಿ ರಕ್ತ ಚಿಮ್ಮಿತು.

ಅಣ್ಣ ತಮ್ಮ ಮಣ್ಣಲ್ಲಿ ಉರುಳಾಡಿದರು. ಬಡಿಯುವ ಉಣ್ಣೆಯಂತೆ ಒಬ್ಬರನ್ನೊಬ್ಬರು ಬಡಿದರು. ಅಕ್ಮತನ ಒಂದೇ ಕೈ, ಜಾಪರನ ಎರಡು. ಬುರುಲ್ ಕೋಲು ಹುಡುಕಿ ತಂದು, ಇದ್ದ ಬಲವೆಲ್ಲ ಸೇರಿಸಿ ಜಾಪರನ ಮೊಣಕಾಲಿಗೆ ಬೀಸಿದಳು. ಅವನು ಗೂಳಿಯಂತೆ ಅರಚಿ ಕುಸಿದ. ಅಷ್ಟರಲ್ಲಿ ನೆರೆಹೊರೆಯವರು ಓಡಿಬಂದು ಅವನನ್ನು ಉಣ್ಣೆ ಹಗ್ಗದಲ್ಲೇ ಬಿಗಿದರು.

"ಬುರುಲ್... ನೀರು ಹೋಯ್ತು..." ಉರ್ಕುಯಾ ನರಳಿದಳು.

ಅಕ್ಮತ್ ಮಣ್ಣಲ್ಲಿ ಕುಳಿತು, ಕೈಗೆ ಟೋಪಿ ಒತ್ತಿ ಹಿಡಿದಿದ್ದ. ಎಡಗೈಯ ಕೊನೆಯ ಎರಡು ಬೆರಳು ಇರಲಿಲ್ಲ.

"ನನ್ನೇನು ನೋಡ್ತೀಯ? ಅತ್ತಿಗೆ ಹತ್ರ ಹೋಗು!" ಎಂದು ಗದರಿದ.

ಎರಡು ಗಂಟೆಯ ಮೇಲೆ, ಬಾಗಿಲಿಲ್ಲದ ಮನೆಯಲ್ಲಿ, ಕಾಲ್ಚಾ ಅಜ್ಜಿಯ ಕೈಗೆ ಮಗು ಬಂತು. ಹೆಣ್ಣು. ಕಿರುಚಿದ ದನಿಗೆ ಅಂಗಳದ ನಾಯಿ ಎದ್ದು ನಿಂತಿತು. ಜಾಪರನನ್ನು ಪೊಲೀಸರು, ಅಕ್ಮತನನ್ನು ನೆರೆಮನೆಯ ಜೀಪು ಕರೆದೊಯ್ದಾಗಿತ್ತು.

ಅಂಗಿಯನ್ನು ನಾಯಿಗೆ ಹಾಕಿ ತೆಗೆದು ತಂದ ಬುರುಲ್‌ಗೆ ಅಕ್ಕ ಮೆಲ್ಲಗೆ ಹೇಳಿದಳು.

"ಅವತ್ತು ನಾನು ನಡ್ಕೊಂಡು ಬಂದೆ ಅಂದೆನಲ್ಲ... ಸುಳ್ಳು. ಅಕ್ಮತ್ ನನ್ನ ಅವನ ಕಾಲಡಿಯಿಂದ ಎಳೆದು, ತನ್ನ ಕುದುರೆ ಮೇಲೆ ಕೂರಿಸಿ, ಸೇತುವೆ ತನಕ ಬಿಟ್ಟ. 'ಯಾರಿಗೂ ಹೇಳಬೇಡಿ ಅತ್ತಿಗೆ, ಅಮ್ಮ ನನ್ನ ಮನೆಗೆ ಸೇರಿಸಲ್ಲ' ಅಂದ. ಅವತ್ತಿಂದ ದಿನಾ ಸೇತುವೆ ಕಾಯ್ತಿದ್ದ ಕಣೇ."

ಬುರುಲ್ ಹೊರಗೆ ಹೋಗಿ ಸೌದೆ ರಾಶಿಯಿಂದ ತೊಟ್ಟಿಲು ಎಳೆದಳು. ಅದನ್ನು ಸುತ್ತಿ ತಂದಿದ್ದ ಹಾಸಿನ ಮಡಿಕೆಯಿಂದ ಎರಡು ಪುಟ್ಟ ಮರದ ಕೊಳವೆಗಳು ಉರುಳಿದವು. ಉಚ್ಚೆ ಹೊರಗೆ ಹರಿದು, ತೊಟ್ಟಿಲಲ್ಲಿ ಮಗು ಒದ್ದೆಯಾಗದಂತೆ ಇಡುವಂಥವು. ಗಂಡಿಗೊಂದು ಬಗೆ, ಹೆಣ್ಣಿಗೊಂದು ಬಗೆ. ಯಾವ ಮಗುವೋ ತಿಳಿಯದೆ ಎರಡನ್ನೂ ಕೆತ್ತಿದ್ದ. ಕೆನ್ನೆಗೆ ತಾಗಿಸಿ ನೋಡಿದಳು. ಬೆಣ್ಣೆಯಷ್ಟು ನುಣುಪು.

'ಆ ಕೊಡಲಿಯನ್ನ ಅಲ್ಲಿ ಬಿಟ್ಟವಳು ನಾನು. ಅವನು ಎಚ್ಚರಿಸಿದ. ನಾನು ಬೆದರಿಕೆ ಅಂದ್ಕೊಂಡೆ...'

ಅವಳು ಸೌದೆ ರಾಶಿಯ ಮೇಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಆಸ್ಪತ್ರೆಗೆ ಹೋದರೆ ಅವನು ಗೋಡೆ ಕಡೆ ಮುಖ ತಿರುಗಿಸಿ ಮಲಗಿದ್ದ. ಎರಡನೇ ಸಲ ಹೋದಾಗ ಬಿಡುಗಡೆಯಾಗಿ ಹೊರಟುಹೋಗಿದ್ದ.

ನಲವತ್ತನೇ ದಿನ ಹತ್ತಿರವಾಯಿತು. ಆ ದಿನ ಮಗುವಿನ ಮೇಲೆ ನಲವತ್ತು ಚಮಚ ನೀರು ಹೊಯ್ದು, ನಲವತ್ತು ಮನೆಯಿಂದ ತಂದ ಬಟ್ಟೆ ಚೂರುಗಳ ಅಂಗಿ ತೊಡಿಸಬೇಕು. ಬುರುಲ್ ಚೀಲ ಹಿಡಿದು ಮನೆ ಮನೆ ಸುತ್ತಿದಳು.

"ಗಂಡನ್ನ ಜೈಲಿಗೆ ಹಾಕ್ಸಿದೋಳ ಮಗುಗಾ?" ಎಂದು ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು ಒಲೆ ಒರೆಸುವ ಬಟ್ಟೆ ಎಸೆದಳು. ಕೆಲವರು ಮಾತಾಡದೆ, ಪೆಟ್ಟಿಗೆಯ ತಳದಿಂದ ರೇಷ್ಮೆ ಚೂರು ತೆಗೆದು ಕೊಟ್ಟರು. ಅವರ ತೋಳಿನ ಮೇಲೆ ಹಳೆಯ ನೀಲಿ ಕಲೆಗಳಿದ್ದವು.

ಮೂವತ್ತೊಂಬತ್ತಾಯಿತು. ಬುರುಲ್ ಮುರಿದ ತೊಟ್ಟಿಲನ್ನು ಕುದುರೆಗೆ ಕಟ್ಟಿ ಸೇತುವೆ ದಾಟಿದಳು.

ಬಾಗಿಲು ತೆರೆದದ್ದು ಜಾಪರನ ತಾಯಿ. ಗುರುತು ಹಿಡಿದವಳೇ ಛಟಾರನೆ ಕೆನ್ನೆಗೆ ಬಾರಿಸಿದಳು. ಚಾವಟಿಯ ಗಾಯದ ಮೇಲೇ.

"ಒಬ್ಬ ಮಗನ್ನ ಜೈಲಿಗೆ ಕಳಿಸಿದ್ರಿ! ಇನ್ನೊಬ್ಬನ ಕೈ ತೆಗೆದ್ರಿ! ಇನ್ನೇನು ಬೇಕೇ ನಿಂಗೆ?"

"ಒಂದು ಚೂರು ಬಟ್ಟೆ," ಎಂದಳು ಬುರುಲ್. ಕಣ್ಣಲ್ಲಿ ನೀರಿತ್ತು, ದನಿ ನಡುಗಲಿಲ್ಲ. "ನಿಮ್ಮ ಮೊಮ್ಮಗಳಿಗೆ. ಮೂಗು ನಿಮ್ಮದೇ."

ಮುದುಕಿ ತನ್ನ ಬಿಳಿ ತಲೆವಸ್ತ್ರದ ಅಂಚನ್ನು ಪರ್ರನೆ ಹರಿದು ಕೆಸರಿಗೆ ಎಸೆದು, ಬಾಗಿಲು ಬಡಿದುಕೊಂಡಳು. ಒಳಗಿನಿಂದ ಅಳು ಕೇಳಿಸಿತು.

ಬುರುಲ್ ಕೆಸರು ಕೊಡವಿ ಚೂರನ್ನು ಚೀಲಕ್ಕೆ ಹಾಕಿದಳು. ನಲವತ್ತು.

ಹಿತ್ತಿಲ ಕೊಟ್ಟಿಗೆಯಿಂದ ದಡಾರ್ ದಡಾರ್ ಎಂಬ ಸದ್ದು. ಅಕ್ಮತ್ ಅರ್ಧ ಕೆತ್ತಿದ ತೊಟ್ಟಿಲುಗಳನ್ನು ಸುತ್ತಿಗೆಯಿಂದ ಪುಡಿ ಮಾಡುತ್ತಿದ್ದ!

"ಏನ್ ಮಾಡ್ತಿದ್ದೀಯ? ಹುಚ್ಚಾ?"

"ನೀನೇ ಕಲಿಸಿದ್ದಲ್ವಾ?" ಅವನು ಕೂಗಿದ. "ಹೋಗು ಇಲ್ಲಿಂದ! ಉಳಿ ಹಿಡಿದ್ರೆ ಮರ ಜಾರುತ್ತೆ, ಮರ ಹಿಡಿದ್ರೆ ಕೈ ಜಾರುತ್ತೆ. ಇನ್ಯಾಕೆ ಇವೆಲ್ಲ?"

ಸುತ್ತಿಗೆ ಮತ್ತೆ ಮೇಲೇಳುವ ಮೊದಲು ಅವಳು ಅವನ ಮುಂದೆ ಬಂದು ನಿಂತಳು.

"ಹೊಡಿ. ನಾನು ಹೊಡೆದೆ, ಕಲ್ಲೆಸೆದೆ, ನಿನ್ನ ಕೆಲಸ ಕಡಿದು ಹಾಕ್ದೆ. ಆ ಕೊಡಲೀನ ಅವನ ಕೈಗೆ ಸಿಗೋ ಹಾಗೆ ಇಟ್ಟೆ. ಹೊಡಿ ಅಕ್ಮತ್! ನನ್ನ ಮೇಲೆ ತೀರಿಸ್ಕೋ, ಮರಾನ ಬಿಡು."

ಅವನು ಬೆರಳು ಸಡಿಲಿಸಿದ. ಸುತ್ತಿಗೆ ನೆಲಕ್ಕೆ ಬಿತ್ತು. ಗೋಡೆಗೆ ಬೆನ್ನು ಆನಿಸಿ ಕುಸಿದ.

"ಯಾಕೆ ಅವತ್ತೇ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಂಬ್ತಿದ್ಯಾ?"

"...ಇಲ್ಲ."

ಅವನಿಗೆ ನಗು ಬಂತು. ತಿಂಗಳಿನ ಮೇಲೆ ಬಂದ ಮೊದಲ ನಗು. ಅದು ಬಂದ ಹಿಂದೆಯೇ ಅಳುವೂ ಬಂತು. ಅವಳು ಹೊರಗಿಂದ ತೊಟ್ಟಿಲು ತಂದು ಅವನ ಮುಂದಿಟ್ಟು, ಹೊಸ ಅರ್ಚಾ ತುಂಡೊಂದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕುಳಿತಳು.

"ಕೆತ್ತು. ನಾನು ಹಿಡ್ಕೋತೀನಿ."

"ಅಲುಗಾಡ್ತಿದೆ."

"ನೀನು ಬೇಗ ಕೆತ್ತು!"

"ಬಾಯಿ ಮುಚ್ಚಿದ್ರೆ ಅಲುಗಲ್ಲ."

ಐದು ದಿನ ಅವಳು ಹೋಗಿಬಂದಳು. ಐದು ದಿನವೂ ಜಗಳ. ಒಮ್ಮೆ ಉಳಿ ಜಾರಿ ಅವಳ ಹೆಬ್ಬೆರಳು ಸೀಳಿತು. ಅವನು ಬೆಚ್ಚಿ, ಅವಳ ಕೈಯನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡು, ರಕ್ತ ನಿಂತ ಮೇಲೂ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ನಲವತ್ತನೇ ದಿನ ಮಧ್ಯಾಹ್ನ ಹಬ್ಬದ ಹಿಟ್ಟಿನ ತಿಂಡಿ ಬೋರ್ಸೋಕ್ ಕರಿದ ವಾಸನೆ ಮನೆ ತುಂಬಿತ್ತು. ಮಗುವಿಗೆ ನೀರು ಹೊಯ್ದರು. ನಲವತ್ತು ಬಣ್ಣದ ಅಂಗಿಯಲ್ಲಿ ಅದು ಸಿಟ್ಟಿನಿಂದ ಮುಷ್ಟಿ ಬಿಗಿದಿತ್ತು. ಕಾಲ್ಚಾ ಅಜ್ಜಿ ಅದನ್ನು ತೊಟ್ಟಿಲಿಗೆ ಕಟ್ಟಿ ಮಲಗಿಸಿದಳು.

ತೊಟ್ಟಿಲು ತಂದುಕೊಟ್ಟ ಅಕ್ಮತ್ ಮಾತ್ರ ಒಳಗೆ ಬರಲಿಲ್ಲ. ಕುದುರೆ ಕಟ್ಟುವ ಕಂಬದ ಬಳಿಯೇ ನಿಂತ. ಉರ್ಕುಯಾ ಹೋಗಿ ಅವನ ಜೊತೆ ಏನೋ ಪಿಸುಗುಟ್ಟಿದಳು. ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡು, ಹೊಸದಾಗಿ ಬರುವ ನೆಂಟಳಂತೆ ಹೊಸ್ತಿಲು ದಾಟಿ ಅಪಾಳ ಎದುರು ಮಂಡಿಯೂರಿ ಕುಳಿತಳು.

"ನಿಮ್ಮ ಮಗಳನ್ನ ಕೇಳೋಕೆ ಬಂದಿದ್ದೀನಿ."

"ಏನೇ ಇದು?" ಅಪಾ ಕಣ್ಣರಳಿಸಿದಳು. "ಯಾರ ಕಡೆಯಿಂದ?"

"ಅಕ್ಮತನ ಅತ್ತಿಗೆ ನಾನು. ಅವನ ಕಡೆಯಿಂದ ಬರೋಕೆ ಅತ್ತೆ ಒಪ್ಪಲ್ಲ, ಬೇರೆ ಯಾರೂ ಉಳಿದಿಲ್ಲ. ಆ ಮನೇಲಿ ನಂಗೆ ಒಳ್ಳೇದು ಅಂತ ಮಾಡಿದೋನು ಅವನೊಬ್ನೇ ಅಪಾ. ನಾನು ಕೇಳ್ದೆ ಇನ್ಯಾರು ಕೇಳ್ಬೇಕು?"

ಅಪಾ ತಲೆವಸ್ತ್ರದ ಅಂಚಿನಲ್ಲಿ ಮೂಗು ಒರೆಸಿಕೊಂಡಳು.

"ನಮ್ಮ ಹುಡುಗಿ ಕೈ ಜೋರು ಅಂತ ಮೊದಲೇ ಹೇಳಿಬಿಡ್ತೀನಮ್ಮಾ."

"ನಮ್ಮ ಹುಡುಗನಿಗೆ ಅದು ಗೊತ್ತಾಗಿದೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಬುರುಲ್ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಓಡಿದಳು.

ಅಕ್ಮತ್ ಕಂಬ ಹಿಡಿದು ನೆಲ ನೋಡುತ್ತಿದ್ದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಏನಾಯ್ತು? ಬೇಡ್ವಾ ನಾನು?"

"ಬೇಕು... ಅದಕ್ಕೇ ಭಯ." ಅವನ ದನಿ ಒಡೆಯಿತು. "ನಮ್ಮಪ್ಪ ಹೊಡೀತಿದ್ದ. ಅಣ್ಣ ಹೊಡೆದ. ಅವತ್ತು ನಾನು ಅವನನ್ನ ಬಡಿದಾಗ ನಂಗೆ ಹಿತ ಆಯ್ತು ಬುರುಲ್. ಅದೇ ರಕ್ತ ಇದು. ಒಂದಿನ ನಾನೂ ನಿನ್ನ ಮೇಲೆ..."

ಬುರುಲ್ ಅವನ ಎಡಗೈ ತೆಗೆದುಕೊಂಡಳು. ಗಾಯದ ಕೈ. ಅವನು ಹಿಂದೆಳೆಯಲು ಹೋದ. ಅವಳು ಬಿಡದೆ ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಸುತ್ತಿಗೆ ಎತ್ತಿದಾಗ ನಾನು ನಿನ್ನ ಮುಂದೇನೇ ನಿಂತಿದ್ದೆ. ಕೆಳಗೆ ಹಾಕಿದ್ದು ಈ ರಕ್ತಾನೇ ತಾನೇ?"

ಅವನು ಕಣ್ಣು ಮುಚ್ಚಿದ.

"ಭಯ ಇರ್ಲಿ," ಎಂದಳು. "ನಂಗೂ ಇದೆ. ನಿನ್ನ ದನಿ ಏರಿದ್ರೆ ನಾನು ಹೇಳ್ತೀನಿ. ನನ್ನ ದನಿ ಏರಿದ್ರೆ ನೀನು ಹೇಳು."

"ನಿನ್ನ ದನಿ ಯಾವತ್ತು ಮೆತ್ತಗಿತ್ತು?"

ಅವಳು ಅವನ ಕಿವಿಯ ಹತ್ತಿರ ಬಂದು, ಉಸಿರಿನಷ್ಟೇ ಮೆಲ್ಲಗೆ ಹೇಳಿದಳು.

"ಇವತ್ತು."